ಕಣ್ಣಿಗೆ ಬೀಳುವ ಜಾಗ

ಇರಲಾರದವನು ಇರುವೆ ಬಿಟ್ಟುಕೊಂಡ ಅಂತಾರಲ್ಲ, ಹಲ್ಲಕ್ಕನ ಗಂಡ ಬಿಟ್ಟುಕೊಳ್ಳಲು ಹೊರಟಿದ್ದು ಮೀನನ್ನು. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಕಟ್ಟಡಗಳ ಕತ್ತಲೆ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು ಬರುವವನಿಗೆ ಮನೆಯಲ್ಲಿ ಸ್ವಲ್ಪ ಹಸಿರು ಬೇಕೆನಿಸಿದ್ದರೆ ತಪ್ಪೇನಿಲ್ಲ. ಒಂದೆರಡು ಹೂವಿನ ಕುಂಡ ತಂದಿಟ್ಟುಕೊಂಡು ಸುಮ್ಮನಾಗಬಹುದಿತ್ತು. ಆದರೆ ಯಾರೋ ಉಳ್ಳವರ ತಾರಸಿಯ ಮೇಲೆ ಆ ಏರ್ಪಾಟನ್ನು ಅವನು ಕಣ್ಣಾರೆ ಕಂಡು ಬಂದಿದ್ದ. ಕೆಳಗೆ ಮೀನಿನ ತೊಟ್ಟಿ, ಅದರ ಒಂದು ಬದಿಗೆ ಎತ್ತರದಲ್ಲಿ ಜಲ್ಲಿ ತುಂಬಿದ ಮಡಿ, ಮಡಿಯ ತುಂಬ ಸೊಪ್ಪು. ಮೀನು ಹೊಲಸು ಮಾಡಿದ ನೀರನ್ನು ಪಂಪು ಮೇಲಕ್ಕೆತ್ತುತ್ತದೆ, ಸೊಪ್ಪಿನ ಬೇರು ಅದರ ಸಾರ ಹೀರಿಕೊಂಡು ತಿಳಿನೀರನ್ನು ಮತ್ತೆ ಕೆಳಕ್ಕೆ ಬಿಡುತ್ತದೆ. ಮಣ್ಣಿಲ್ಲ, ಗೊಬ್ಬರವಿಲ್ಲ.

"ಅಕ್ವಾಪೋನಿಕ್ಸ್ ಅಂತಾರೆ ಅಪ್ಪಾ," ಅಂದ.

"ಅಕ್ಕನ ಫೋನಾ? ಯಾವ ಅಕ್ಕ? ಅವಳ ಫೋನಿಗೂ ಮೀನಿಗೂ ಏನಪ್ಪಾ ಸಂಬಂಧ?" ಅಂದರು ಅವನ ಅಪ್ಪ.

ಎಲ್ಲರೂ ನಕ್ಕರು. ಅವನಾಗಲೇ ಅಕ್ಕಪಕ್ಕದ ಯಾವ ಮನೆಗೆ ಎಷ್ಟು ಸೊಪ್ಪು ಕೊಡಬೇಕೆಂದು ಹಂಚಲು ಶುರುಮಾಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅವನ ಹಳೆಯ ಕಾಯಿಲೆ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚಿನಿಂದ ಪ್ಲಾಸ್ಟರಿನ ದವಡೆ ಎರಕ ಹೊಯ್ದು, ಅದಕ್ಕೆ ಹೊಂದುವ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಮುಂದಿನ ಕೋಣೆಯ ಕಿಟಕಿಗೆ ಅಂಟಿಕೊಂಡು ಅವಳ ಮೇಜು. ಕಿಟಕಿಯಾಚೆ ಜಗುಲಿ, ಜಗುಲಿಯಲ್ಲಿ ಮಾವನ ಬೆತ್ತದ ಕುರ್ಚಿ. ಬೆಳಗಿಂದ ಸಂಜೆಯ ತನಕ ಊರವರ ಹಲ್ಲು ಉಜ್ಜುವ ಸೊಸೆ ಅಂತ ಅವರು ಹೋದವರ ಬಂದವರ ಹತ್ತಿರ ತಮಾಷೆ ಮಾಡುತ್ತಿದ್ದರು. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಮಾತಿನ ನಡುವೆ ತಲೆ ಎತ್ತಿ ಮೇಲೊಮ್ಮೆ ನೋಡುತ್ತಿದ್ದರು. ಬಸ್ಸಿನಲ್ಲಾದರೆ ಡ್ರೈವರಿನ ಕನ್ನಡಿ ಇರುವ ಜಾಗ ಅದು.

ಇನ್ನು ಉಳಿದದ್ದು ಮಗು. ಹುಟ್ಟಿದಾಗ ಎತ್ತಿಕೊಂಡ ನರ್ಸು "ಅಯ್ಯೋ, ಮೀನಿನ ಹಾಗೆ ಜಾರ್ತಾಳಲ್ರೀ!" ಅಂದಿದ್ದಳಂತೆ. ಅಂದಿನಿಂದ ಅವಳು ಮೀನು. ಶಾಲೆಗೆ ಅಂತ ಒಂದು ಒಳ್ಳೆಯ ಹೆಸರಿದೆ, ಶಾಲೆಗೆ ಇನ್ನೂ ವಯಸ್ಸಾಗಿಲ್ಲ. ಮೀನು ಎದ್ದಿತಾ, ಮೀನು ಹಾಲು ಕುಡಿಯಿತಾ, ಮೀನು ಯಾಕೆ ಅಳ್ತಿದೆ ಅಂತಲೇ ಮನೆಯಲ್ಲಿ ಮಾತು.

ಬೇಡ ಅನ್ನಲು ಹಲ್ಲಕ್ಕನಿಗೆ ಬಾಯಿ ಬರಲಿಲ್ಲ. ಗಂಡನ ಮುಖದಲ್ಲಿ ಅಷ್ಟು ಬೆಳಕು ಕಂಡು ಬಹಳ ಕಾಲವಾಗಿತ್ತು. ಆದರೆ ಅವನು ಸೊಂಟದ ಹತ್ತಿರ ಅಂಗೈ ಚಾಚಿ "ಇಷ್ಟೆತ್ತರ ನೀರು" ಅಂದಾಗ ಮಗು ಓಡಿಬಂದು ಆ ಕೈಯ ಕೆಳಗೆ ನಿಂತಿತು. ತಲೆ ಅಂಗೈಗೆ ತಾಗಲೂ ಇಲ್ಲ. ಹಲ್ಲಕ್ಕ ಆ ಅಂಗೈಯಿಂದ ಮಗುವಿನ ತಲೆಯ ತನಕ ಕಣ್ಣಲ್ಲೇ ಅಳೆದಳು.

"ಎಲ್ಲಾದ್ರೂ ಇಡ್ರೀ," ಅಂದಳು, "ಆದ್ರೆ ಕಣ್ಣಿಗೆ ಬೀಳೋ ಜಾಗದಲ್ಲಿ ಇಡಿ. ಯಾರಾದ್ರೂ ಒಬ್ರ ಕಣ್ಣು ಯಾವಾಗ್ಲೂ ಅದರ ಮೇಲಿರ್ಬೇಕು. ಮಗು ಇರೋ ಮನೆ."

"ಜಾಗ ನೀನೇ ತೋರಿಸು," ಅಂದ ಅವನು. ಅವನೇನೂ ಕೆಟ್ಟವನಲ್ಲ.

ಆ ಭಾನುವಾರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಾವ ತಾರಸಿ ಅಂದರು. ಮಗ ತಲೆಯಾಡಿಸಿದ. ಭಾರದ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. "ಸಾವಿರ ಲೀಟರು ನೀರು ಅಂದ್ರೆ ಒಂದು ಟನ್ನು ಅಪ್ಪಾ. ಜಲ್ಲಿ ಬೇರೆ. ಲಿಫ್ಟಲ್ಲಿ ಜನ ತುಂಬಿದ್ರೆ ಇಳ್ದು ಹೋಗ್ತಾರೆ, ಇದು ಇಳಿಯೋದೇ ಇಲ್ವಲ್ಲ. ಈ ಹಳೇ ತಾರಸಿ ಎಷ್ಟು ದಿನ ಹೊತ್ಕೊಂಡಿರುತ್ತೆ?" ಅದೂ ಅಲ್ಲದೆ ಮೇಲೆ ಬಿಸಿಲು ಬೆಂಕಿ, ಮಧ್ಯಾಹ್ನದ ಹೊತ್ತಿಗೆ ಮೀನು ಅಲ್ಲೇ ಬೇಯುತ್ತದೆ. ನಡುಮನೆಯಲ್ಲಿಟ್ಟರೆ ಸೊಪ್ಪಿಗೆ ಬೆಳಕು ಸಾಲದು, ಗೋಡೆಗೆಲ್ಲ ತೇವ. ಅಂಗಳದ ಮರದ ಕೆಳಗೆ ನೆರಳಿದೆ, ಆದರೆ ಎಲೆ ಉದುರಿ ನೀರು ಕೊಳೆಯುತ್ತದೆ, ಹಕ್ಕಿಗಳ ಕಾಟ ಬೇರೆ.

ಹಲ್ಲಕ್ಕ ಜಗುಲಿಯನ್ನು ತೋರಿಸಿದಳು, ತನ್ನ ಮೇಜಿನ ಎದುರಿಗೇ. ತಲೆ ಎತ್ತಿದರೆ ತೊಟ್ಟಿ. ಅವಳ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

"ನಿನ್ನ ಆ ಹಲ್ಲಿನ ಔಷಧಿ ವಾಸನೆಗೆ ಸೊಳ್ಳೆನೇ ಸಾಯುತ್ತೆ," ಅಂದ ಗಂಡ. "ಮೀನು ಬದುಕುತ್ತೇನೇ? ಆ ಪ್ಲಾಸ್ಟರ್ ಧೂಳು ಬೇರೆ."

ಅದೂ ನಿಜವೇ. ಕೊನೆಗೆ ಉಳಿದದ್ದು ಮನೆಯ ಪಕ್ಕದ ಓಣಿ. ಕಾಂಪೌಂಡ್ ಗೋಡೆಗೂ ಮನೆಗೂ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಸರಿಯಬೇಕಾದಷ್ಟು ಅಗಲ. ಅದರ ಹಿಂದಿನ ತುದಿಯಲ್ಲಿ, ಅಡುಗೆಮನೆ ಕಿಟಕಿಯ ಕೆಳಗೆ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಮಧ್ಯಾಹ್ನಕ್ಕೆ ಗೋಡೆಯ ನೆರಳು. ನೆಲ ಗಟ್ಟಿ, ನಲ್ಲಿ ಪಕ್ಕದಲ್ಲೇ, ಕರೆಂಟಿನ ಪ್ಲಗ್ಗೂ ಕೈಗೆಟುಕುತ್ತದೆ, ಚೆಲ್ಲಿದ ನೀರು ಚರಂಡಿಗೆ ಹೋಗುತ್ತದೆ. ಗಂಡ ನೆಲದ ಸಮ ನೋಡುವ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬಂದು ನಿಂತದ್ದನ್ನು ಎಲ್ಲರಿಗೂ ತೋರಿಸಿದ.

"ಅಡುಗೆ ಮಾಡುವಾಗ ನಂಗೆ ಕಾಣುತ್ತೆ ಸರಿ," ಅಂದಳು ಹಲ್ಲಕ್ಕ. "ಮೇಜಿಗೆ ಬಂದು ಕೂತ್ರೆ?"

ಆಗ ಮಾವ ಎದ್ದು ಒಳಗೆ ಹೋದರು. ಹಳೆಯ ಟ್ರಂಕಿನಿಂದ ಬಟ್ಟೆ ಸುತ್ತಿದ ಏನನ್ನೋ ತಂದು ಬಿಚ್ಚಿದರು. ಬಸ್ಸಿನ ಹೊರಗಡೆ ಇರುವಂಥ ದೊಡ್ಡ ಕನ್ನಡಿ. ಅದನ್ನು ಓಣಿಯ ಬಾಯಲ್ಲಿ, ಕಾಂಪೌಂಡಿನ ಮೇಲೆ ಓರೆಯಾಗಿ ಕೂರಿಸಿದರೆ ಅವರ ಕುರ್ಚಿಯಿಂದ ತೊಟ್ಟಿ ಪೂರ್ತಿ ಕಾಣುತ್ತಿತ್ತು. ಮಾವ ಕೂತು, ತಲೆ ಎತ್ತಿ ನೋಡಿ, ಕತ್ತನ್ನು ಸ್ವಲ್ಪ ಆಡಿಸಿ ಮತ್ತೆ ನೋಡಿದರು. ಅವರಿಗೆ ಕೆಲಸ ವಾಪಸ್ಸು ಸಿಕ್ಕಿತ್ತು.

"ಹಿಂದಿನ ಬಾಗಿಲಲ್ಲಿ ನೇತಾಡ್ತಿದ್ದವರನ್ನೆಲ್ಲ ನೋಡ್ಕೊಂಡು ಬಸ್ ಓಡಿಸ್ದವನು ನಾನು. ಒಂದು ತೊಟ್ಟಿ ನೋಡ್ಕೊಳ್ಳೋದು ಹೆಚ್ಚಾ? ನೀನು ನಿಶ್ಚಿಂತೆಯಿಂದ ಹಲ್ಲು ಉಜ್ಜಮ್ಮ," ಅಂದರು.

ಹಲ್ಲಕ್ಕ ನಿಶ್ಚಿಂತೆಯಾಗಲು ಪ್ರಯತ್ನಪಟ್ಟಳು. ತೊಟ್ಟಿಗೆ ಕಬ್ಬಿಣದ ಚೌಕಟ್ಟಿನ ಬಲೆ ಮುಚ್ಚಳ ಆಗುವ ತನಕ ಒಂದು ಬಿಂದಿಗೆ ನೀರನ್ನೂ ಹಾಕಗೊಡಲಿಲ್ಲ. ಮುಚ್ಚಳ ಬಂತು, ಮಗು ಎತ್ತಲಾರದಷ್ಟು ಭಾರ. ಆಮೇಲೆ ನೀರು, ಜಲ್ಲಿ, ಸೊಪ್ಪಿನ ಸಸಿ, ಕಡೆಗೆ ಒಂದು ಚೀಲದಲ್ಲಿ ಬೆರಳುದ್ದದ ಬೂದು ಮೀನುಗಳು ಬಂದವು. ಮಡಿಯಿಂದ ತೊಟ್ಟಿಗೆ ನೀರು ಸುರಿಯುವ ಸದ್ದು ಹಗಲೂ ರಾತ್ರಿ ಮನೆಯಲ್ಲಿ ತುಂಬಿತು. ಬೇರೆಯವರಿಗೆ ಅದು ಹಿತವಾಗಿತ್ತು. ಹಲ್ಲಕ್ಕನಿಗೆ ಮಾತ್ರ ಆ ಸದ್ದಿನ ಹಿಂದೆ ಇನ್ನೇನೋ ಸದ್ದು ಅಡಗಿಕೊಳ್ಳಬಹುದು ಅನಿಸುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾರೆ ಅಂತ ಸುಮ್ಮನಿದ್ದಳು.

ಮಗು ಸಮಯ ಸಿಕ್ಕಿದಾಗಲೆಲ್ಲ ತೊಟ್ಟಿಯ ಹತ್ತಿರ. ಅಪ್ಪ ಎತ್ತಿ ಹಿಡಿದರೆ ಬಲೆಗೆ ಮೂಗು ಒತ್ತಿ ಅವುಗಳ ಜೊತೆ ಮಾತಾಡುತ್ತಿತ್ತು.

"ಅಮ್ಮಾ, ಮೀನು ನೀರಲ್ಲೇ ಇರ್ಬೇಕು ಅಲ್ವಾ?" ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿತು.

"ಹೂಂ ಪುಟ್ಟಿ."

"ಮತ್ತೆ ನಾನ್ಯಾಕೆ ಹೊರಗಿದ್ದೀನಿ?"

ಗಂಡನಿಗೆ ನಗು ತಡೆಯದೆ ತುತ್ತು ನೆತ್ತಿಗೇರಿತು. ಮಾವ ಈ ಮಾತನ್ನು ಬೀದಿಗೆಲ್ಲ ಹಂಚಿ ಬಂದರು. ಹಲ್ಲಕ್ಕ ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋಗಿ, ಅಡುಗೆಮನೆ ಕಿಟಕಿಯಿಂದ ಬಲೆಯ ಕೊಂಡಿ ಹಾಕಿದೆಯೇ ಎಂದು ನೋಡಿದಳು. ಹಾಕಿತ್ತು.

ಇನ್ನೊಂದು ದಿನ ಅವಳು ಯಾರದೋ ಮೇಲ್ದವಡೆಯ ಸೆಟ್ಟಿಗೆ ಹೊಳಪು ಕೊಡುತ್ತ ಕೂತಿದ್ದಾಗ ಓಣಿಯಿಂದ ಗಂಡನ ಕೂಗು ಬಂತು: "ಲೇ, ಬಾರೇ ಇಲ್ಲಿ! ಮೀನು ಸತ್ತೋಯ್ತು!"

ಸೆಟ್ಟು ಕೈಜಾರಿ ನೆಲಕ್ಕೆ ಬಿದ್ದು ಎರಡಾಯಿತು. ಅವಳು ಓಣಿಗೆ ಬಂದು ನೋಡಿದರೆ, ಗಂಡ ಬೆರಳುದ್ದದ ಬೂದು ಮೀನೊಂದನ್ನು ಬಾಲ ಹಿಡಿದು ನೇತಾಡಿಸುತ್ತಿದ್ದ. ಮಗು ಪಕ್ಕದಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿತ್ತು. ಹಲ್ಲಕ್ಕ ಮಗುವನ್ನು ಬಿಸ್ಕತ್ತಿನ ಸಮೇತ ಬಾಚಿ ಎತ್ತಿಕೊಂಡಳು. ಆಮೇಲೆ ಗಂಡನಿಗೆ ಬಿದ್ದ ಬೈಗುಳ ಪಕ್ಕದ ಮನೆಗೂ ಕೇಳಿಸಿತು.

"ಇವತ್ತಿಂದ ಈ ಮನೇಲಿ ಮೀನು ಅಂದ್ರೆ ನನ್ನ ಮಗಳು ಒಬ್ಳೇ," ಅಂದಳು. "ಅವುಗಳಿಗೆ ಬೇರೆ ಏನಾದ್ರೂ ಕರೀರಿ. ಏನಾದ್ರೂ ಸರಿ."

ಮಾವನಿಗೆ ಹೆಸರು ಹುಡುಕಲು ಕಷ್ಟವಾಗಲಿಲ್ಲ. "ಪ್ರಯಾಣಿಕರು," ಅಂದರು. "ಅವರ ಮೇಲೆ ಕನ್ನಡಿಲಿ ಕಣ್ಣಿಟ್ಟಿರೋ ಡ್ರೈವರ್ರು ನಾನು ತಾನೇ?"

ಅದೇ ಮನೆಯ ಕಾನೂನಾಯಿತು. ಪ್ರಯಾಣಿಕರಿಗೆ ಊಟ ಆಯಿತಾ, ಪ್ರಯಾಣಿಕರು ದಪ್ಪಗಾದರು, ಒಬ್ಬ ಪ್ರಯಾಣಿಕ ಇಳಿದುಹೋದ ಅಂದರೆ ಸತ್ತ ಅಂತ ಅರ್ಥ. ಮಾವ ಕುರ್ಚಿಯಿಂದ ಗಂಟೆಗೊಮ್ಮೆ ಕಿಟಕಿಯೊಳಕ್ಕೆ ವರದಿ ಒಪ್ಪಿಸುತ್ತಿದ್ದರು, ಹಲ್ಲಕ್ಕ ಕತ್ತೆತ್ತದೆ ಹೂಂಗುಡುತ್ತಿದ್ದಳು. ಆ ಗೊಂದಲ ತೀರಿತಲ್ಲ ಅಂತ ಅವಳಿಗೆ ದೊಡ್ಡ ಸಮಾಧಾನ. ಎದೆಯೊಳಗಿನ ಹೆದರಿಕೆ ಸ್ವಲ್ಪ ಕರಗಿತು. ಹಾಗೆ ಕರಗಬಾರದಿತ್ತು.

ಯಾಕೆಂದರೆ ಇನ್ನೊಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ಮಾವ ಬಟ್ಟಲಿಗೆ ಚಹಾ ಬಗ್ಗಿಸುವಾಗ ಒಂದಿಷ್ಟು ಬಟ್ಟಲಿನ ಪಕ್ಕಕ್ಕೆ ಹೋಗುತ್ತಿತ್ತು. ಗೇಟು ತೆರೆದು ಬಂದವರನ್ನು ಅವರು ದನಿ ಕೇಳಿದ ಮೇಲಷ್ಟೇ ಗುರುತು ಹಿಡಿಯುತ್ತಿದ್ದರು. ಒಮ್ಮೆ ಅವಳು ಮೆಲ್ಲಗೆ ಕೇಳಿದ್ದಳು, "ಮಾವ, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ?"

"ಯಾಕಮ್ಮ? ಈ ಕಣ್ಣಿರೋದು ನೋಡೋಕೆ, ಯಾರಿಗೋ ತೋರಿಸೋಕಲ್ಲ," ಅಂದು ನಕ್ಕರು. ನಗು ಮುಗಿದ ಮೇಲೆ ಮುಖ ಬಿಗಿಯಿತು. ಇಡೀ ಆಯುಷ್ಯ ಜನರನ್ನು ಕ್ಷೇಮವಾಗಿ ಇಳಿಸಿದ ಕಣ್ಣಿನ ಮೇಲೆ ಸೊಸೆ ಅನುಮಾನಪಟ್ಟಿದ್ದಳು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಗೌರವಕ್ಕೆ ಸುಮ್ಮನಾದೆ ಅಂತ ತನಗೆ ತಾನೇ ಹೇಳಿಕೊಂಡಳು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಮಾವನ ಕಣ್ಣು ಸರಿಯಿಲ್ಲ ಅಂದರೆ ತೊಟ್ಟಿಯ ಜಾಗವೂ ಸರಿಯಿಲ್ಲ ಅಂತಾಗುತ್ತಿತ್ತು, ಮತ್ತೆ ಎಲ್ಲವನ್ನೂ ಕಿತ್ತು ಮೊದಲಿನಿಂದ ಜಗಳ ಶುರುಮಾಡಬೇಕಿತ್ತು. ಸೊಪ್ಪು ಆಗ ತಾನೇ ಹುಲುಸಾಗಿ ಎದ್ದಿತ್ತು. ಗಂಡ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಸಿಳ್ಳೆ ಹಾಕುತ್ತಿದ್ದ.

ಆ ದಿನ ಗಂಡನಿಗೆ ರಜೆ. ಊಟವಾದ ಮೇಲೆ ಹಲ್ಲಕ್ಕ ಮಗುವನ್ನು ತಟ್ಟಿ ಮಲಗಿಸಿದಳು. ಬೆಳಿಗ್ಗೆ ಹಟ ಮಾಡಿ ಹಾಕಿಸಿಕೊಂಡಿದ್ದ ಹೊಸ ಕೆಂಪು ಫ್ರಾಕಿನಲ್ಲೇ ಅದು ನಿದ್ದೆಹೋಯಿತು. ಅವಳು ಬಂದು ಮೇಜಿಗೆ ಕೂತು ಉಜ್ಜುವ ಮೋಟರು ಹಾಕಿದಳು. ಸಂಜೆಯೊಳಗೆ ಕೊಡಬೇಕಾದ ಸೆಟ್ಟೊಂದು ಬಾಕಿಯಿತ್ತು.

ಅವಳಿಗೆ ಗೊತ್ತಿಲ್ಲದೆ ನಡೆದದ್ದು ಇಷ್ಟು. ಗಂಡ ಪಂಪಿಗೆ ಕಸ ಸಿಕ್ಕಿದೆಯೆಂದು ಬಲೆಯನ್ನು ಎತ್ತಿ ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಕೂತು ತೊಳೆಯುತ್ತಿದ್ದ. ಫೋನು ಬಂತು. ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತು ಜನ ಸಿಕ್ಕಿಹಾಕಿಕೊಂಡಿದ್ದರು, ಒಬ್ಬ ಮುದುಕಿಗೆ ಉಸಿರು ಕಟ್ಟುತ್ತಿತ್ತು. ರಜೆಯಾದರೇನು, ಹೋಗದೆ ಇರಲಾಗುತ್ತದೆಯೇ? ಅವನು ಪಂಪನ್ನು ಜೋಡಿಸಿ ಓಡುತ್ತ ಜಗುಲಿಯಲ್ಲಿ ಅಪ್ಪನಿಗೆ ಹೇಳಿದ: "ಬಲೆ ತೆಗ್ದಿದ್ದೀನಪ್ಪಾ, ಬಂದು ಹಾಕ್ತೀನಿ. ಸ್ವಲ್ಪ ಕಣ್ಣಿಟ್ಟಿರಿ."

"ಇಟ್ಟೇ ಇದ್ದೀನಿ, ನೀನು ಹೋಗು," ಅಂದರು ಮಾವ. ಮೋಟರಿನ ಸದ್ದಿನಲ್ಲಿ ಒಳಗಿದ್ದ ಹಲ್ಲಕ್ಕನಿಗೆ ಇದು ಕೇಳಿಸಲಿಲ್ಲ. ಹಿಂದಿನ ಕೋಣೆಯಲ್ಲಿ ಮಗು ಎದ್ದದ್ದೂ, ಅಡುಗೆಮನೆ ಬಾಗಿಲಿಂದ ಓಣಿಗೆ ಇಳಿದದ್ದೂ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾವನ ದನಿ ಬಂತು.

"ಏನಮ್ಮಾ, ಪ್ರಯಾಣಿಕರು ಇವತ್ತು ಬಹಳ ಜೋರಾಗಿದ್ದಾರೆ."

ಅವಳು ಮೋಟರು ನಿಲ್ಲಿಸಿದಳು. "ಏನಂದ್ರಿ ಮಾವ?"

"ಪ್ರಯಾಣಿಕರು! ಕುಣೀತಾ ಇದ್ದಾರೆ. ನೀರು ಗೋಡೆ ತನಕ ಹಾರ್ತಿದೆ ನೋಡು."

"ಹಸಿವಾಗಿರ್ಬೇಕು. ಇದೊಂದು ಹಲ್ಲು ಮುಗಿಸಿ ಹಾಕ್ತೀನಿ."

"ನಿಧಾನ, ನಿಧಾನ. ಅವರೇನು ಬಸ್ ಬಿಟ್ಟು ಹೋಗಲ್ಲ," ಅಂದು ಮಾವ ನಕ್ಕರು.

ಅವಳೂ ನಕ್ಕಳು. ಮತ್ತೆ ಮೋಟರು ಹಾಕಿದಳು. ಕೋರೆಹಲ್ಲಿನ ಅಂಚು ಸ್ವಲ್ಪ ಚೂಪಾಗಿತ್ತು, ಅದನ್ನು ದುಂಡಗೆ ಮಾಡಿದಳು, ಬೆರಳಿನಿಂದ ಸವರಿ ನೋಡಿ ಇನ್ನೊಂದು ಸಲ ಉಜ್ಜಿದಳು, ಮೋಟರು ತಗ್ಗಿಸಿ ಧೂಳು ಊದಿದಳು.

"ಈಗ ಸುಮ್ಮನಾದ್ರು," ಅಂದರು ಮಾವ.

"ಹೂಂ."

"ಒಬ್ಬ ಮಾತ್ರ ಮೇಲೇ ಇದ್ದಾನೆ. ಒಳ್ಳೇ ಗಾತ್ರದವನು. ಕೆಂಪಗಿದ್ದಾನಲ್ಲಮ್ಮ, ನಿನ್ನ ಗಂಡ ಹೊಸಬನ್ನ ಯಾವಾಗ ತಂದ?"

ಹಲ್ಲಕ್ಕನ ಕೈಯಲ್ಲಿ ಮೋಟರು ತಿರುಗುತ್ತಲೇ ಇತ್ತು. ತೊಟ್ಟಿಯಲ್ಲಿ ಇದ್ದದ್ದೆಲ್ಲ ಬೂದು ಮೀನು.

ಆಮೇಲೆ ಅವಳು ಯಾವ ಬಾಗಿಲಿಂದ ಹೋದಳೋ ಅವಳಿಗೆ ನೆನಪಿಲ್ಲ. ತೊಟ್ಟಿಯ ಪಕ್ಕದಲ್ಲಿ ಸ್ಟೂಲು ಇದ್ದದ್ದು ನೆನಪಿದೆ. ಮಡಿಯಿಂದ ನೀರು ಏನೂ ಆಗಿಲ್ಲವೆಂಬ ಹಾಗೆ ಸುರಿಯುತ್ತಿತ್ತು. ಎತ್ತಿಕೊಂಡಾಗ ಮಗು ನೀರಿನಷ್ಟೇ ತಣ್ಣಗಿತ್ತು, ಎತ್ತಿದವಳ ಕೈಯಿಂದ ಒಮ್ಮೆ ಜಾರಿತು. ದಿನಾ ಪ್ಲಾಸ್ಟರಿನ ಬಾಯಿಗಳನ್ನು ತೆರೆದು ನೋಡುವವಳು ಆ ಪುಟ್ಟ ಬಾಯಿಯನ್ನು ತೆರೆದಳು. ಸಾಲಾಗಿ ಹಾಲುಹಲ್ಲು, ಒಂದೂ ಅಲುಗಾಡಿರಲಿಲ್ಲ. ಆ ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು, ಮತ್ತೆ ಊದಿದಳು, ನಡುವೆ ಯಾರನ್ನೋ ಹೆಸರು ಹಿಡಿದು ಬೈದಳು. ಪಕ್ಕದ ಮನೆಯವರು ಗೋಡೆ ಹಾರಿ ಬಂದರು. ಅವರ ಗಾಡಿಯಲ್ಲಿ ಆಸ್ಪತ್ರೆಯ ಬಾಗಿಲು ತಲಪುವ ಹೊತ್ತಿಗೆ ಮಗು ಒಂದು ಸಲ ಕೆಮ್ಮಿತು.

ಲಿಫ್ಟಿನಲ್ಲಿದ್ದವರೆಲ್ಲ ಕ್ಷೇಮವಾಗಿ ಹೊರಗೆ ಬಂದರಂತೆ. ಗಂಡ ಗ್ರೀಸಿನ ಕೈಯಲ್ಲೇ ಆಸ್ಪತ್ರೆಗೆ ಬಂದು ಕಾರಿಡಾರಿನಲ್ಲಿ ಗೋಡೆಗೆ ಹಣೆ ಚಚ್ಚಿಕೊಂಡ. ಬಲೆ, ಬಲೆ ಅನ್ನುವುದೊಂದೇ ಮಾತು. ಹಲ್ಲಕ್ಕ ಅವನನ್ನು ಬೈಯಲಿಲ್ಲ. ಬೈಯಲು ಬಾಯಿ ತೆರೆದರೆ ತನ್ನದೇ ಮಾತು ಹೊರಗೆ ಬರುತ್ತದೆ ಅಂತ ಅವಳಿಗೆ ಹೆದರಿಕೆ. ಹಸಿವಾಗಿರ್ಬೇಕು ಅಂದಿದ್ದಳಲ್ಲ.

ಮೂರನೆಯ ದಿನ ಡಾಕ್ಟರು ಮಗುವಿನ ಬಾಯಿಯ ಕೊಳವೆ ತೆಗೆದರು. ಉಳಿಯುತ್ತೆ, ಆದರೆ ಮುಂದೆ ಹೇಗೋ ಏನೋ ನಿಧಾನವಾಗಿ ನೋಡಬೇಕು ಅಂದರು. ಗಂಡ ಔಷಧಿ ತರಲು ಹೋದ. ಹಾಸಿಗೆಯ ಒಂದು ಬದಿಗೆ ಹಲ್ಲಕ್ಕ, ಇನ್ನೊಂದು ಬದಿಗೆ ಮಾವ. ಮೂರು ದಿನದಿಂದ ಅವರು ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಿರಲಿಲ್ಲ.

"ಅಮ್ಮಾ," ಅಂದರು.

"ಹೇಳಿ ಮಾವ."

"ಮೊದಲು ಒಂದು ರೆಕ್ಕೆ ಮೇಲೆ ಬಂತು. ಬಿಳೀದು. ಹೀಗೆ ಹೀಗೆ ಅಂತು." ಅವರು ತಮ್ಮ ಕೈ ಎತ್ತಿ ಬೆರಳು ಅಗಲಿಸಿ ಆಡಿಸಿದರು. "ನಾನು ನಗ್ತಾ ನೋಡ್ತಾ ಕೂತಿದ್ದೆ. ಅದು ರೆಕ್ಕೆ ಅಲ್ಲ, ಅಲ್ವಾ?"

ರೆಕ್ಕೆಯೇ ಮಾವ ಅಂತ ಹೇಳಬಹುದಿತ್ತು. ಮುದುಕರು, ಉಳಿದಿರುವ ದಿನಗಳಾದರೂ ನಿದ್ದೆ ಬರಲಿ ಅಂತ ಅವಳು ಆ ಮಾತನ್ನು ನಾಲಿಗೆಯ ತನಕ ತಂದಳು. ಆದರೆ ಸುಳ್ಳು ಹೇಳಿದರೆ ಕಂಡದ್ದೂ ತಪ್ಪು ಮಾಡಿದ್ದೂ ಅವರೊಬ್ಬರೇ ಅಂತಾಗುತ್ತದೆ, ಅವಳ ಪಾಲು ಮುಚ್ಚಿಹೋಗುತ್ತದೆ.

"ಅಲ್ಲ ಮಾವ," ಅಂದಳು. "ನೀವು ನೋಡಿದ್ದನ್ನ ನೋಡಿದ ಹಾಗೇ ಹೇಳಿದ್ರಿ. ಕೇಳಿಸ್ಕೊಂಡು ಹಲ್ಲು ಉಜ್ಜಿದವಳು ನಾನು. ನಿಮ್ಮ ಕಣ್ಣಿನ ವಿಷಯ ನಂಗೆ ಗೊತ್ತಿತ್ತು."

ಮಾವ ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಕೊನೆಗೆ ತೊಡೆಯ ಮೇಲಿಟ್ಟುಕೊಂಡರು.

ಆಗ ಮಗು ಕಣ್ಣು ಬಿಟ್ಟಿತು. ಗಂಟಲು ಒಡೆದು ದನಿ ಯಾರದೋ ಆಗಿತ್ತು.

"ನೀರು," ಅಂದಿತು.

ಹಾಸಿಗೆಯ ತಲೆಯ ಹತ್ತಿರ, ಮಾವನ ಬದಿಯ ಪುಟ್ಟ ಮೇಜಿನ ಮೇಲೆ ನರ್ಸು ಒಂದು ಲೋಟದಲ್ಲಿ ನೀರು ತುಂಬಿಸಿಟ್ಟಿದ್ದಳು. ಆ ಒಂದು ಶಬ್ದ ಕೇಳಿ ಹಲ್ಲಕ್ಕ ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದಳು. ಮಗು ಇನ್ನೊಂದು ಸಲ ಕೇಳಿತು, ಈ ಸಲ ತಾತನ ಕಡೆ ತಿರುಗಿ.

ಮಾವ ಎದ್ದರು. ಮೇಜಿನ ಕಡೆ ಕೈ ಚಾಚಿದರು. ಕೈ ಗಾಳಿಯಲ್ಲಿ ಅತ್ತ ಹೋಯಿತು, ಇತ್ತ ಬಂತು, ಮೇಜಿನ ಅಂಚು ಸಿಕ್ಕಿದ ಮೇಲೂ ಅದರುದ್ದಕ್ಕೆ ತಡವರಿಸಿತು. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಲೋಟ ಎಲ್ಲಿದೆಯಮ್ಮಾ?" ಅಂದರು. "ನಂಗೆ ಕಾಣಿಸ್ತಿಲ್ಲ."

ಲೋಟ ಅವರ ಕೈಯ ಪಕ್ಕದಲ್ಲೇ ಇತ್ತು.